ಹಲಗೆ ಸರಿಯಬೇಕೋ, ರೂಟರ್ ಸರಿಯಬೇಕೋ?

ಮನೆಯಲ್ಲೇ ಬಡಗಿ ಕೆಲಸದ ಹುಚ್ಚು ಹಿಡಿಸಿಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಮರಕ್ಕೆ ಮರ ಜೋಡಿಸಲು ಯಾವ ಯಂತ್ರ ಕೊಳ್ಳೋದು? ಕ್ಯಾಟಲಾಗು ನೋಡಿದರೆ ತಲೆ ಕೆಡುತ್ತದೆ. ಅವು ಹುಟ್ಟಿದ ಕಥೆ ತಿಳಿದರೆ ಉತ್ತರ ಸುಲಭ ಅನ್ನೋದು ನನ್ನ ಅನಿಸಿಕೆ.

ಒಂದು ತುಂಡಿನಲ್ಲಿ ಗೂಡು ಕೊರೆದು ಇನ್ನೊಂದರ ನಾಲಗೆ ಕೂರಿಸುವ ವಿದ್ಯೆ ಪಿರಮಿಡ್ಡುಗಳ ಕಾಲದ ಈಜಿಪ್ಟಿನಲ್ಲೇ ಇತ್ತು. ಉಳಿ, ಗರಗಸ, ಕೊಡತಿಗಳಲ್ಲೇ ಸಾವಿರಾರು ವರ್ಷ ನಡೆಯಿತು. ಕೈಯಲ್ಲಿ ಹಿಡಿಯುವ ವಿದ್ಯುತ್ ರೂಟರ್ ಬಂದದ್ದು ಮೊದಲ ಮಹಾಯುದ್ಧದ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದ ಆರ್. ಎಲ್. ಕಾರ್ಟರ್ ಎಂಬಾತನಿಂದ. 1929ರಲ್ಲಿ ಸ್ಟ್ಯಾನ್ಲಿ ಕಂಪನಿ ಅದನ್ನು ಕೊಂಡುಕೊಂಡಿತು.

ರೂಟರ್‌ಗೆ ವೇಗ ಗೊತ್ತು, ದಾರಿ ಗೊತ್ತಿಲ್ಲ. ದಾರಿ ತೋರಿಸಲು ಲೋಹದ ಅಚ್ಚುಗಳು ಬಂದವು. ಡ್ರಾಯರ್ ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಬಿಚ್ಚಿಕೊಳ್ಳುವ ಹಲ್ಲುಗಳಿರುತ್ತವಲ್ಲ, ಆ ಡವ್‌ಟೇಲ್ ಕೊರೆಯಲು. ನಾನು ಮೊದಲು ಕೊಂಡದ್ದೂ ಅಂಥದ್ದೊಂದು ಅಗ್ಗದ ಅಚ್ಚು. ಹಲ್ಲುಗಳ ಅಂತರ ಬದಲಾಯಿಸುವಂತಿಲ್ಲ. ಕೊನೆಗೆ ಡ್ರಾಯರ್ ಎತ್ತರವನ್ನೇ ಅಚ್ಚಿಗೆ ಹೊಂದಿಸಬೇಕಾಯಿತು. ಮೂಗಿಗಿಂತ ಮೂಗುತಿ ಭಾರ!

ಈ ತೊಂದರೆಗೆ ಕೆನಡಾದ ಕೆನ್ ಗ್ರಿಸ್ಲಿ ಉತ್ತರ ಕಂಡುಕೊಂಡ. 1981ರಲ್ಲಿ ಆತ ಶುರುಮಾಡಿದ ಲೀ ಕಂಪನಿಯ ಅಚ್ಚಿನಲ್ಲಿ ಬೆರಳುಗಳನ್ನು ಬೇಕಾದಲ್ಲಿಗೆ ಸರಿಸಬಹುದು. ಇಂಗ್ಲೆಂಡಿನ ಸಾಮರ್‌ಸೆಟ್‌ನ ಮಾರ್ಟಿನ್ ಗಾಡ್‌ಫ್ರೇ ಯೋಚನೆಯನ್ನೇ ತಿರುಗಿಸಿದ. ಆತನ ವುಡ್‌ರ‍್ಯಾಟ್‌ನಲ್ಲಿ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಬಿಗಿಯುತ್ತಾರೆ. ಹಿಡಿಕೆ ತಿರುಗಿಸಿದರೆ ಹಲಗೆ ಎಡಕ್ಕೆ ಬಲಕ್ಕೆ ಸರಿಯುತ್ತದೆ, ಮೇಲಿರುವ ರೂಟರ್ ಹಿಂದೆ ಮುಂದೆ ಮಾತ್ರ. ಯಂತ್ರವನ್ನು ಗೋಡೆಗೇ ತೂಗುಹಾಕಬಹುದು. ಮುಂಬೈ ಫ್ಲಾಟಿನ ಬಾಲ್ಕನಿಯಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು. 2006-07ರಲ್ಲಿ ಜರ್ಮನಿಯ ಫೆಸ್ಟೂಲ್ ತಂದ ಡೊಮಿನೊ ನಾಲಗೆ ಕೆತ್ತುವ ಕೆಲಸವನ್ನೇ ತಪ್ಪಿಸಿತು. ಎರಡೂ ತುಂಡಿನಲ್ಲಿ ಗೂಡು ಕೊರೆದು, ನಡುವೆ ಬೇರೆ ಮರದ ಬಿಲ್ಲೆ ಇಟ್ಟರಾಯಿತು.

ಹಾಗಂತ ಉಳಿ ಸೋತಿಲ್ಲ. ರೂಟರ್ ಕೊರೆದ ಗೂಡಿನ ತುದಿ ದುಂಡಗೇ ಇರುತ್ತದೆ, ಚೌಕ ಬೇಕಾದರೆ ಉಳಿಯೇ ಬೇಕು. ಡವ್‌ಟೇಲ್ ಬಿಟ್ಟಿನ ಕತ್ತು ತೂರುವಷ್ಟು ಜಾಗ ಬೇಕಾದ್ದರಿಂದ, ಕೈಕೆಲಸದ ಸೂಜಿಯಂಥ ಸಣ್ಣ ಹಲ್ಲುಗಳು ಸಾಮಾನ್ಯವಾಗಿ ಅದಕ್ಕೆ ಒಗ್ಗುವುದಿಲ್ಲ.

ಈ ಎಲ್ಲ ಯಂತ್ರಗಳೂ ಒಂದೊಂದು ಕೊರತೆಗೆ ಹುಟ್ಟಿದ ಉತ್ತರಗಳು. ಹಾಗಾಗಿ ಮೊದಲು ನಿಮ್ಮ ಕೊರತೆ ಯಾವುದು ನೋಡಿ. ಸಾಲುಸಾಲು ಡ್ರಾಯರ್ ಮಾಡುವವರಿಗೆ ಬೆರಳು ಸರಿಯುವ ಅಚ್ಚು. ಕುರ್ಚಿ ಮೇಜುಗಳಿಗೆ ಬಿಲ್ಲೆಯ ಯಂತ್ರ. ಒಂದು ಗೋಡೆ, ಒಂದಿಷ್ಟು ತಾಳ್ಮೆ ಇದ್ದವರಿಗೆ ವುಡ್‌ರ‍್ಯಾಟ್ ಬಗೆಯದು. ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟರೆ ವೋಲ್ಟೇಜ್ ನೋಡಿಕೊಳ್ಳಿ, ಅಲ್ಲಿಯದು 120, ನಮ್ಮದು 230.

ವರ್ಷಕ್ಕೊಂದೇ ಪೆಟ್ಟಿಗೆ ಮಾಡುವವರೋ? ಹಾಗಿದ್ದರೆ ಒಳ್ಳೆಯ ಉಳಿ ಕೊಳ್ಳಿ. ಅದಕ್ಕೆ ವೋಲ್ಟೇಜಿನ ಚಿಂತೆಯೂ ಇಲ್ಲ, ನೆರೆಮನೆಯವರ ಬೈಗುಳವೂ ಕಡಿಮೆ. ಏನಂತೀರಿ?