ಬೇಕರ್ಸ್ ಸಿಸ್ಟ್

ಬೇಕರಿಗೂ ಇದಕ್ಕೂ ನಂಟಿಲ್ಲ. ಲಂಡನ್ನಿನ ಸರ್ಜನ್ ವಿಲಿಯಂ ಮೊರಾಂಟ್ ಬೇಕರ್ 1877ರಲ್ಲಿ ಮಂಡಿಯ ಹಿಂದೆ ಏಳುವ ಈ ನೀರುಗಂಟನ್ನು ವಿವರಿಸಿದ. ಹೆಸರು ಅವನದೇ ಉಳಿಯಿತು. ನ್ಯಾಯವಾಗಿ ನೋಡಿದರೆ ಡಬ್ಲಿನ್ನಿನ ರಾಬರ್ಟ್ ಆಡಮ್ಸ್ 1840ರಲ್ಲೇ ಇದರ ಬಗ್ಗೆ ಬರೆದಿದ್ದ. 'ಸಿಸ್ಟ್' ಗ್ರೀಕಿನ 'ಕುಸ್ಟಿಸ್'ನಿಂದ ಬಂದದ್ದು; ಚೀಲ, ಮೂತ್ರಕೋಶ ಎಂದು ಅರ್ಥ. ಇನ್ನೊಂದು ಹೆಸರು 'ಪಾಪ್ಲಿಟಿಯಲ್ ಸಿಸ್ಟ್'. ಲ್ಯಾಟಿನ್ನಿನ 'ಪಾಪ್ಲೆಸ್' ಎಂದರೆ ಮಂಡಿಯ ಹಿಂಬದಿ.

ಚೀಲವೆಂಬುದೇ ಸರಿಯಾದ ಮಾತು. ಸವೆತದಿಂದಲೋ ಒಳಗಿನ ಮೆದುಮೂಳೆಯ ಬಿಲ್ಲೆ ಹರಿದೋ ಕೀಲಿನಲ್ಲಿ ನೀರು ಹೆಚ್ಚಾದಾಗ, ಅದು ಹಿಂದಿನ ಪುಟ್ಟ ಚೀಲಕ್ಕೆ ನುಗ್ಗುತ್ತದೆ. ಸುಲಭವಾಗಿ ವಾಪಸ್ ಬರುವುದಿಲ್ಲ. ಕಾಲು ನೀಡಿದರೆ ಗಂಟು ಬಿಗಿ, ಮಡಿಸಿದರೆ ಮೆತ್ತಗೆ.

ಕನ್ನಡದಲ್ಲಿ ಇದನ್ನು 'ಬಾವು' ಎನ್ನುವವರುಂಟು. ನನಗೆ ಒಪ್ಪಿಗೆಯಿಲ್ಲ: ಬಾವು ಎಂದೊಡನೆ ಕೆಂಪು, ಬಿಸಿ, ಕೀವು ನೆನಪಾಗುತ್ತವೆ. 'ನೀರುಗಂಟು' ವಾಸಿ. ಆದರೆ ಅದು ಒಡೆದು ಮೀನಖಂಡ ಊದಿದಾಗ, ರಕ್ತನಾಳದಲ್ಲಿ ಹೆಪ್ಪುಗಟ್ಟಿದಂತೆಯೇ ಕಾಣುತ್ತದೆ. ಆಗ ಪದಚರ್ಚೆ ಬಿಟ್ಟು ಡಾಕ್ಟರ ಬಳಿ ಓಡಬೇಕು.