ಬದುವಿನಿಂದ ಖಾತೆಗೆ: ಯುನಿಕ್ಸ್ ಡಿಸ್ಕ್ ಹಂಚಿಕೆಯ ಚರಿತ್ರೆ

ಯುನಿಕ್ಸ್ ಸರ್ವರಿನ ಡಿಸ್ಕನ್ನು ಹಲವು ಪಾರ್ಟಿಷನ್‌ಗಳಾಗಿ ಒಡೆಯುವುದು ಸುರಕ್ಷತೆಗಾಗಿ ಎಂಬ ಮಾತು ರೂಢಿಯಲ್ಲಿದೆ. ಲಾಗ್ ಕಡತಗಳು ಉಕ್ಕಿದರೂ ಮೂಲ ವ್ಯವಸ್ಥೆ ಉಳಿಯಲಿ ಎಂಬುದು ಅದರ ಸಮರ್ಥನೆ. ಹಳೆಯ ಕೈಪಿಡಿಗಳನ್ನು ತೆರೆದು ನೋಡಿದರೆ ಈ ಸಮರ್ಥನೆ ಆಮೇಲೆ ಅಂಟಿಕೊಂಡದ್ದೆಂದು ನನಗೆ ತೋರುತ್ತದೆ. ಮೊದಲಿಗೆ ಇದ್ದದ್ದು ಅಂಕಿಯ ಬಡತನ.

ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರ ತಮ್ಮ ಪ್ರಬಂಧದಲ್ಲಿ ಬೆಲ್ ಲ್ಯಾಬ್ಸ್‌ನ ಪಿಡಿಪಿ-11/45 ಯಂತ್ರದ ಡಿಸ್ಕುಗಳನ್ನು ವಿವರಿಸಿದ್ದಾರೆ. ಹೆಡ್ ಚಲಿಸದ 1 ಎಂಬಿ ಡಿಸ್ಕು ಒಂದು, 2.5 ಎಂಬಿಯವು ನಾಲ್ಕು, 40 ಎಂಬಿಯ ದೊಡ್ಡದು ಒಂದು. ಮೂಲ ಡೈರೆಕ್ಟರಿ ಚಿಕ್ಕದರಲ್ಲಿ, ಬಳಕೆದಾರರ ಕಡತಗಳು ದೊಡ್ಡದರಲ್ಲಿ. ಮೌಂಟ್ ಮಾಡಿದಾಗ ಎಲ್ಲವೂ ಒಂದೇ ಮರದ ಕೊಂಬೆಗಳಾಗಿ ಕಾಣುತ್ತಿದ್ದವು, ಆದರೆ ಒಂದರ ಜಾಗ ಇನ್ನೊಂದಕ್ಕೆ ಸಿಗುತ್ತಿರಲಿಲ್ಲ.

1975ರ ಆರನೇ ಆವೃತ್ತಿಯಲ್ಲಿ ತೊಡಕು ಸ್ಪಷ್ಟವಾಗುತ್ತದೆ. ಆರ್‌ಪಿ03 ಡಿಸ್ಕಿನಲ್ಲಿ 512 ಬೈಟಿನ 81,200 ಬ್ಲಾಕುಗಳಿದ್ದವು. ಬ್ಲಾಕ್ ಸಂಖ್ಯೆಗೆ ಮೀಸಲಾಗಿದ್ದದ್ದು 16 ಬಿಟ್ ಮಾತ್ರ. ಹಾಗಾಗಿ ಒಂದು ಕಡತ ವ್ಯವಸ್ಥೆ 65,535 ಬ್ಲಾಕುಗಳನ್ನು ದಾಟುವಂತಿರಲಿಲ್ಲ. ಇಡೀ ಡಿಸ್ಕನ್ನು ಬಳಸಬೇಕಾದರೆ ಒಡೆಯಲೇಬೇಕು. ಆ ಡ್ರೈವರಿನ ಕೋಷ್ಟಕದಲ್ಲಿ 40,600 ಬ್ಲಾಕುಗಳ ಎರಡು ಸಮಪಾಲುಗಳು ಕಾಣುತ್ತವೆ. ಈ ಗಡಿಗಳು ಡ್ರೈವರಿನೊಳಗೇ ಬರೆದವು. ಬದಲಿಸಬೇಕೆಂದರೆ ಕರ್ನೆಲನ್ನೇ ಮತ್ತೆ ಕಟ್ಟಬೇಕಿತ್ತು.

1979ರ ಏಳನೇ ಆವೃತ್ತಿಯಲ್ಲಿ ಬ್ಲಾಕ್ ಸಂಖ್ಯೆ ಹಿಗ್ಗಿ ಆ ಮಿತಿ ಕಳಚಿತು. ಬದುಗಳು ಮಾತ್ರ ಉಳಿದವು. ಒಂದು ಪಾರ್ಟಿಷನ್ ತುಂಬಿ ತುಳುಕುವಾಗ ಪಕ್ಕದ್ದು ಖಾಲಿ ಬಿದ್ದಿರುತ್ತಿತ್ತು. ಗಡಿ ಸರಿಸಲು ಎಲ್ಲವನ್ನೂ ಟೇಪಿಗೆ ಇಳಿಸಿ, ಡಿಸ್ಕನ್ನು ಹೊಸದಾಗಿ ಭಾಗಮಾಡಿ, ಮತ್ತೆ ತುಂಬಬೇಕು. 1983ರ 4.2 ಬಿಎಸ್‌ಡಿ ಶೇ. 10ರಷ್ಟು ಜಾಗವನ್ನು ಕಾಯ್ದಿರಿಸಿತು, ಮೆಲ್ಬರ್ನ್‌ನ ರಾಬರ್ಟ್ ಎಲ್ಜ್ ಬರೆದ ಕೋಟಾ ವ್ಯವಸ್ಥೆಯನ್ನೂ ತಂದಿತು. ಎರಡೂ ಒಳ್ಳೆಯ ಜಿಪುಣತನವೇ, ಆದರೆ ಬದುವಿನೊಳಗಿನದು.

ಬದುವನ್ನೇ ಅಳಿಸಿದ್ದು 1990ರಲ್ಲಿ ಐಬಿಎಂನ ಆರ್‌ಎಸ್/6000 ಯಂತ್ರಗಳೊಂದಿಗೆ ಬಂದ ಎಐಎಕ್ಸ್ 3. ಒಂದು ಮನೆತನದ ಜಮೀನು ಮೂರು ಸರ್ವೆ ನಂಬರುಗಳಲ್ಲಿ ಚದುರಿದ್ದರೂ ಖಾತೆ ಒಂದೇ ಇರುವಂತೆ, ಅದು ಡಿಸ್ಕುಗಳನ್ನು ಸಮಗಾತ್ರದ ತುಂಡುಗಳಾಗಿ ಎಣಿಸಿ ಒಂದೇ ವಾಲ್ಯೂಮ್ ಗ್ರೂಪಿಗೆ ಸೇರಿಸಿತು. ಅದರಿಂದ ಬೇಕಾದಷ್ಟು ತುಂಡುಗಳನ್ನು ಎಣಿಸಿ ಕೊಟ್ಟರೆ ಅದೇ ಲಾಜಿಕಲ್ ವಾಲ್ಯೂಮ್. ಯಾವ ತುಂಡು ಯಾವ ಡಿಸ್ಕಿನಲ್ಲಿದೆ ಎಂಬುದು ನಕ್ಷೆಯ ಕೋಷ್ಟಕಕ್ಕೆ ಮಾತ್ರ ಗೊತ್ತು, ಕಡತ ವ್ಯವಸ್ಥೆಗೆ ಬೇಕಿಲ್ಲ. ಪ್ರತಿ ತುಂಡಿಗೆ ಮೂರು ಪ್ರತಿಗಳವರೆಗೆ ಇಡಬಹುದಿತ್ತು. ಜಾಗ ಸಾಲದಾದರೆ ಸರ್ವರನ್ನು ನಿಲ್ಲಿಸದೆಯೇ ತುಂಡು ಸೇರಿಸಿ, ಮೇಲಿನ ಕಡತ ವ್ಯವಸ್ಥೆಯನ್ನೂ ಹಿಗ್ಗಿಸಬಹುದಿತ್ತು.

ಇದೇ ವಿಚಾರ ಎಚ್‌ಪಿ-ಯುಎಕ್ಸ್‌ನಲ್ಲೂ ನೆಲೆಸಿತು. ಅದನ್ನು ಮಾದರಿಯಾಗಿಟ್ಟುಕೊಂಡು ಹೈನ್ಜ್ ಮೌವೆಲ್ಸ್‌ಹಾಗನ್ 1998ರಲ್ಲಿ ಲಿನಕ್ಸ್‌ಗೆ ಎಲ್‌ವಿಎಂ ಬರೆದರು. 2001ರ 2.4 ಕರ್ನೆಲಿನಲ್ಲಿ ಅದಕ್ಕೆ ಜಾಗ ಸಿಕ್ಕಿತು, 2003ರ ಕೊನೆಯ 2.6ರಲ್ಲಿ ಡಿವೈಸ್ ಮ್ಯಾಪರ್ ಅದರ ಬುನಾದಿಯಾಯಿತು. ಲಿನಕ್ಸ್‌ನಲ್ಲಿ ತುಂಡಿನ ರೂಢಿಯ ಗಾತ್ರ 4 ಎಂಬಿ, ಅಂದರೆ 10 ಜಿಬಿಯ ವಾಲ್ಯೂಮಿಗೆ 2,560 ತುಂಡು. ಹಳೆಯ ಡಿಸ್ಕಿನ ತುಂಡುಗಳನ್ನು, ಕೆಲಸ ನಡೆಯುತ್ತಿರುವಾಗಲೇ, ಹೊಸದಕ್ಕೆ ಸಾಗಿಸುವ ಸೌಲಭ್ಯ ನನ್ನ ಎಣಿಕೆಯಲ್ಲಿ ಇದರ ದೊಡ್ಡ ಉಪಕಾರ. ಅಪಾಯವೂ ಇದೆ. ಪ್ರತಿಯಿಲ್ಲದೆ ಎರಡು ಡಿಸ್ಕುಗಳ ಮೇಲೆ ಹರಡಿದ ವಾಲ್ಯೂಮು, ಒಂದು ಡಿಸ್ಕು ಸತ್ತರೂ ಮುರಿಯುತ್ತದೆ.

2005ರಲ್ಲಿ ಸನ್ ಸಂಸ್ಥೆ ಹೊರತಂದ ಜೆಡ್‌ಎಫ್‌ಎಸ್ ವಾಲ್ಯೂಮು, ಕಡತ ವ್ಯವಸ್ಥೆ ಎಂಬ ಎರಡು ಪದರಗಳನ್ನು ಬೆಸೆದು, ಎಲ್ಲ ಕಡತ ವ್ಯವಸ್ಥೆಗಳೂ ಒಂದೇ ಕೆರೆಯ ನೀರು ಬಳಸುವಂತೆ ಮಾಡಿತು. ಅದರ ಕೀರ್ತಿ ದೊಡ್ಡದು. ಆದರೂ ಯುನಿಕ್ಸ್‌ನಲ್ಲಿ ಕಡತ ವ್ಯವಸ್ಥೆಯನ್ನು ಡಿಸ್ಕಿನ ಗಡಿಯಿಂದ ಬಿಡಿಸಿದ ಶ್ರೇಯಸ್ಸಿನ ಹೆಚ್ಚಿನ ಪಾಲು ಎಐಎಕ್ಸ್‌ನ ಆ ಕೋಷ್ಟಕಕ್ಕೇ ಸಲ್ಲಬೇಕು.