ದುಡಿಯದ ಸ್ನಾಯುವಿನಲ್ಲಿ ಪ್ರೋಟೀನ್ ಸಂಶ್ಲೇಷಣೆ: ಚೆನ್ನೈ ಓದುಗರ ಗಮನಕ್ಕೆ

ಚೆನ್ನೈನ ತಿರುಮಂಗಲಂನಲ್ಲಿರುವ ಏಷ್ಯಾಡ್ ಕಾಲೊನಿಯ ನಿವಾಸಿಗಳು ತಾವೇ ಹಣ ಕೂಡಿಸಿ ಒಂದು ಪಾರ್ಕ್ ಮಾಡಿಕೊಂಡರು. ಡಾ. ವಿ. ಮೋಹನ್ ಮತ್ತು ಸಂಗಡಿಗರು ಮಧುಮೇಹದ ಬಗ್ಗೆ ತಿಳಿವಳಿಕೆ ನೀಡಿದ ಮೇಲೆ ಆದ ಬೆಳವಣಿಗೆ ಇದು. ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ವ್ಯಾಯಾಮ ಮಾಡುವವರ ಪ್ರಮಾಣ ಶೇ 14.2ರಿಂದ ಶೇ 58.7ಕ್ಕೆ ಏರಿತೆಂದು 2006ರಲ್ಲಿ ವರದಿಯಾಯಿತು. ಆ ಅಧ್ಯಯನದ ಗುರಿ ಮಧುಮೇಹ. ಸ್ನಾಯು ಅದರ ಪ್ರಶ್ನೆಯಾಗಿರಲಿಲ್ಲ. ಆದರೂ ಸ್ನಾಯುವಿನ ಕಡೆಯಿಂದ ನೋಡಿದರೆ ಆ ವ್ಯಾಯಾಮಕ್ಕೆ ಸಕ್ಕರೆಯ ಲೆಕ್ಕವನ್ನು ಮೀರಿದ ಮಹತ್ವವಿದೆ.

ಅಸ್ಥಿಸ್ನಾಯುವಿನ ಪ್ರೋಟೀನಿನಲ್ಲಿ ದಿನಕ್ಕೆ ಸುಮಾರು ಶೇ 1ರಿಂದ 2ರಷ್ಟು ಒಡೆದು, ಅಷ್ಟೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇದೊಂದು ಜಮಾ-ಖರ್ಚಿನ ಖಾತೆ. ಕಾಲು ಸೊರಗಿದರೆ ಖರ್ಚು ಹೆಚ್ಚಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಇಲಿಗಳ ಮೇಲಿನ ಪ್ರಯೋಗಗಳೂ ಬಹುಮಟ್ಟಿಗೆ ಹಾಗೆಯೇ ಹೇಳಿದವು. ಮನುಷ್ಯನ ಕಥೆ ಬೇರೆ. 1987ರಲ್ಲಿ ಗಿಬ್ಸನ್ ಮತ್ತು ಸಂಗಡಿಗರು ಒಂದು ಕಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಐವರನ್ನು ಪರೀಕ್ಷಿಸಿದರು. ಗುರುತು ಹಚ್ಚಿದ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ರಕ್ತಕ್ಕೆ ಸೇರಿಸಿ, ಎರಡೂ ತೊಡೆಗಳ ಬಯಾಪ್ಸಿ ಹೋಲಿಸಿದಾಗ, ಸುಮ್ಮನಿದ್ದ ಕಾಲಿನಲ್ಲಿ ಪ್ರೋಟೀನ್ ಸಂಶ್ಲೇಷಣೆ ಕಾಲುಭಾಗದಷ್ಟು ಕುಗ್ಗಿತ್ತು. ದೇಹ ಒಂದೇ, ರಕ್ತ ಒಂದೇ, ಊಟವೂ ಒಂದೇ, ವ್ಯತ್ಯಾಸವಿದ್ದದ್ದು ದುಡಿಮೆಯಲ್ಲಿ.

ಹಾಗಾದರೆ ಹೆಚ್ಚು ಪ್ರೋಟೀನ್ ಕೊಟ್ಟರೆ ಆಯಿತಲ್ಲ? 2008ರ ಗ್ಲೋವರ್ ತಂಡದ ಪ್ರಯೋಗ ಈ ಆಸೆಗೆ ತಣ್ಣೀರೆರಚಿತು. ಹದಿನಾಲ್ಕು ದಿನ ಕಟ್ಟಿಹಾಕಿದ ಕಾಲು, ಅಮೈನೋ ಆಮ್ಲವನ್ನು ಧಾರಾಳವಾಗಿ ರಕ್ತನಾಳಕ್ಕೇ ಹರಿಸಿದಾಗಲೂ, ಇನ್ನೊಂದು ಕಾಲಿನಷ್ಟು ಪ್ರೋಟೀನ್ ಕಟ್ಟಲಿಲ್ಲ. ಇದಕ್ಕೆ ಕೋಶದೊಳಗಿನ ಎಂಟಾರ್ ಎಂಬ ಸಂಕೇತ ವ್ಯವಸ್ಥೆಯೇ ಹೊಣೆಯೆಂದು ಬರೆದುಬಿಡುವುದು ಸುಲಭ. ಮಾನವ ಪ್ರಯೋಗಗಳ ಸಾಕ್ಷ್ಯ ಅಷ್ಟು ಒಮ್ಮತದ್ದಲ್ಲ.

ವಯಸ್ಸಾದವರಲ್ಲಿ ಈ ನಷ್ಟ ದಿಗಿಲು ಹುಟ್ಟಿಸುವಷ್ಟು ವೇಗದ್ದು. ಕೋರ್ಟೆಬೈನ್ ತಂಡದ 2007ರ ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಹತ್ತೇ ದಿನ ಹಾಸಿಗೆಯಲ್ಲಿದ್ದರು. ಸಂಶ್ಲೇಷಣೆ ಶೇ 30ರಷ್ಟು ಇಳಿಯಿತು. ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಮಾಂಸ ಹೋಯಿತು. ಹಾಸಿಗೆಯನ್ನೇ ಹಿಡಿಯಬೇಕೆಂದೂ ಇಲ್ಲ. 2013ರಲ್ಲಿ ಬ್ರೀನ್ ತಂಡ ಹಿರಿಯರ ನಡಿಗೆಯನ್ನು ಎರಡು ವಾರ ದಿನಕ್ಕೆ ಸುಮಾರು 1,400 ಹೆಜ್ಜೆಗೆ ಇಳಿಸಿದಾಗ, ಊಟದ ನಂತರದ ಸಂಶ್ಲೇಷಣೆ ಕಾಲುಭಾಗ ತಗ್ಗಿತು. 2015ರ ಡಿಸೆಂಬರ್ ನೆರೆಯಲ್ಲಿ, 2020ರ ಲಾಕ್‌ಡೌನಿನಲ್ಲಿ ಮನೆಯೊಳಗೇ ಉಳಿದ ಚೆನ್ನೈನ ಅಜ್ಜ-ಅಜ್ಜಿಯರ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಬೇಕು. ಸಾಧಾರಣ ದಿನಗಳಲ್ಲೂ ಸ್ಥಿತಿ ಆಶಾದಾಯಕವಲ್ಲ: ತಮಿಳುನಾಡೂ ಸೇರಿದ್ದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಮೊದಲ ಹಂತದಲ್ಲಿ (2014) ಶೇ 54.4 ಮಂದಿ ದೈಹಿಕವಾಗಿ ನಿಷ್ಕ್ರಿಯರೆಂದು ಕಂಡುಬಂತು.

ಊಟದ ಪ್ರಶ್ನೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು, ಭಾರತೀಯ ಪುರುಷರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಗ್ರಾಂ ಲೈಸಿನ್ ಬೇಕೆಂದು ತೋರಿಸಿದರು. ಇದು 1985ರ ಅಂತರರಾಷ್ಟ್ರೀಯ ಶಿಫಾರಸಿನ ಎರಡೂವರೆ ಪಟ್ಟು. ಅಕ್ಕಿಯಲ್ಲಿ ಲೈಸಿನ್ ಕಡಿಮೆ; ಬೇಳೆ, ಮೊಸರು ಆ ಕೊರತೆ ತುಂಬುತ್ತವೆ. ಕಾಯಿಲೆಯವರಿಗೆ ಬರೀ ಗಂಜಿ ಕುಡಿಸಿ ಮಲಗಿಸುವ ನಮ್ಮ ಪದ್ಧತಿಯಲ್ಲಿ ಎರಡೂ ಕಡೆ ನಷ್ಟ.

ದಾರಿ ಇಲ್ಲದಿಲ್ಲ. ಹದಿನಾಲ್ಕು ದಿನ ಹಾಸಿಗೆಯಲ್ಲಿದ್ದ ಯುವಕರ ಸಂಶ್ಲೇಷಣೆ ಅರ್ಧಕ್ಕೆ ಇಳಿದದ್ದನ್ನು ಫೆರಾಂಡೊ ತಂಡ 1996ರಲ್ಲಿ ದಾಖಲಿಸಿತ್ತು. ಮರುವರ್ಷ ಅದೇ ತಂಡ ದಿನ ಬಿಟ್ಟು ದಿನ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದಾಗ ಆ ಇಳಿತ ಕಾಣಲಿಲ್ಲ. ಆದ್ದರಿಂದ ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ‘ವಿಶ್ರಾಂತಿ’ ಎಂದಷ್ಟೇ ಬರೆದು ಮುಗಿಸಬಾರದು. ಆ ರೋಗಿ ದಿನಕ್ಕೆ ಎಷ್ಟು ಸಲ ಕುರ್ಚಿಯಿಂದ ಎದ್ದು ನಿಲ್ಲಬೇಕು, ಎಷ್ಟು ನಡೆಯಬೇಕು ಎಂಬುದನ್ನೂ ಮಾತ್ರೆಗಳ ಜೊತೆಗೇ ಬರೆದುಕೊಡಲಿ.